ಕಾರಿನ ಹೊಟ್ಟೆಗೆ ಕೀಲೆಣ್ಣೆ

೨೦೦೧ರ ಜನವರಿ ಹದಿನೇಳು, ಬುಧವಾರ. ಬೆಳಿಗ್ಗೆ ಹತ್ತಕ್ಕೆ ಬಾಳವ್ವನ ಫಿಯಟ್ ಬೆಳಗಾವಿಯ ವಾಹನ ಪರೀಕ್ಷೆಯ ಮೈದಾನಕ್ಕೆ ಬಂದು ನಿಂತಿತು. ಹತ್ತೂ ಐದಕ್ಕೆ ಅವಳ ಅಕ್ಕನ ಮಗ ಶಶಿಧರನ ಹೊಸ ಮಾದರಿಯ ಕಾರು ಪಕ್ಕದಲ್ಲೇ ನಿಂತಿತು. ಹತ್ತೂ ಕಾಲಿಗೆ ಇನ್‌ಸ್ಪೆಕ್ಟರ್ ಗುರುಪುತ್ರಪ್ಪ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಬಂದರು. ಮೂವತ್ತೇಳು ವರ್ಷದ ಫಿಯಟ್ಟಿನ ನೋಂದಣಿ ಮುಂದುವರಿಯುವುದೋ ಇಲ್ಲವೋ ಎಂಬುದು ಆ ಸ್ಕ್ರೂಡ್ರೈವರಿನ ತುದಿಯಲ್ಲಿತ್ತು. ತಳದ ತಗಡಿನಲ್ಲಿ ಒಂದು ಕಡೆ ತೂರಿದರೂ ಕಾರು ಗುಜರಿಗೆ.

"ಮಚ್ಛೆ ಊರಿನ ಗುಜರಿಯವಗ ಹೇಳಿಟ್ಟೇನಿ ಚಿಗವ್ವ. ಮಧ್ಯಾಹ್ನ ಬಂದು ಎಳಕೊಂಡು ಹೋಗ್ತಾನ," ಎಂದ ಶಶಿಧರ.

"ಜೀವ ಹೋಗೂಕಿಂತ ಮೊದಲ ಕುಣಿ ತೋಡ್ಸೀಯೇನೋ?" ಎಂದಳು ಬಾಳವ್ವ.

ಆದರೂ ಅವಳಿಗೆ ಅಳುಕಿತ್ತು. ದೇಸೂರಿನಿಂದ ಖಾನಾಪುರದ ಆಸ್ಪತ್ರೆಗೆ ಅವಳು ದಿನವೂ ನರ್ಸ್ ಕೆಲಸಕ್ಕೆ ಹೋಗಿಬರುವುದು ಗೋವೆಯ ಮೀನಿನ ಲಾರಿಗಳು ಓಡುವ ರಸ್ತೆಯಲ್ಲಿ. ಉಪ್ಪು ಬೆರೆಸಿದ ಮಂಜುಗಡ್ಡೆ ಕರಗಿ ಲಾರಿಗಳಿಂದ ಸೋರುತ್ತದೆ. ಮಳೆಗಾಲದಲ್ಲಾದರೆ ಅದು ಕೊಚ್ಚಿಹೋಗುತ್ತದೆ. ಚಳಿಗಾಲದಲ್ಲಿ ರಸ್ತೆಯ ಮೇಲೇ ಬೆಳ್ಳಗೆ ಉಳಿದು, ಇಬ್ಬನಿಗೆ ನೆನೆದು, ಚಕ್ರದಿಂದ ತಗಡಿಗೆ ಸಿಡಿಯುತ್ತದೆ. ಅದಕ್ಕೇ ಅವಳು ಪ್ರತಿ ಸಂಜೆ ಎಮ್ಮೆಯ ಮೈ ತೊಳೆದ ಮೇಲೆ ಕಾರಿನ ಹೊಟ್ಟೆಗೂ ನೀರು ಹೊಡೆಯುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಕೀಲೆಣ್ಣೆ ಬಳಿಯುತ್ತಿದ್ದಳು: ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿ ಎತ್ತಿನ ಚಕ್ಕಡಿಯ ಅಚ್ಚಿಗೆ ಹಚ್ಚುತ್ತಾರಲ್ಲ, ಅದೇ.

ಕಾರಿನಡಿ ಕೈಯಾಡಿಸಿದ ಗುರುಪುತ್ರಪ್ಪ ಕಪ್ಪಾದ ಬೆರಳನ್ನು ಮೂಸಿ ನೋಡಿದರು.

"ಏನ್ರೀ ಬಾಯಾರ ಇದು? ತೂತು ಮುಚ್ಚಾಕ ಡಾಂಬರ್ ಬಳದೀರೇನು?"

"ಕೀಲೆಣ್ಣಿ ರೀ ಸಾಹೇಬರ. ಚಕ್ಕಡಿಗಿ ಹಚ್ಚೂದು."

ಶಶಿಧರ ಕಿಸಕ್ಕನೆ ನಕ್ಕ. "ಎರಡು ಎತ್ತೂ ಹೂಡಿಬಿಡಬೇಕಿತ್ತು ಚಿಗವ್ವ!"

"ಒರಸ್ರಿ," ಎಂದರು ಗುರುಪುತ್ರಪ್ಪ. "ಬರೇ ತಗಡ ಕಾಣಬೇಕು ನನಗ."

ಬಾಳವ್ವ ಗೋಣಿಚೀಲ ಹಾಸಿ, ಬಿಳಿ ಸೀರೆಯ ಸೆರಗು ಬಿಗಿದು, ಸೀಮೆಎಣ್ಣೆಯ ಅರಿವೆ ಹಿಡಿದು ಕಾರಿನಡಿ ಮಲಗಿದಳು. ಆ ತಗಡನ್ನು ಬರಿದಾಗಿ ಕಂಡು ಅವಳಿಗೂ ಹಲವು ವರ್ಷಗಳಾಗಿದ್ದವು. ಒರೆಸಿ ಮುಗಿಸಿ ಹೊರಗೆ ಬಂದಳು.

ಸ್ಕ್ರೂಡ್ರೈವರಿನ ಮೊದಲ ಏಟು ಟಣ್ ಎಂದಿತು. ಎರಡನೆಯದೂ ಟಣ್. ಒಂದೊಂದು ಏಟಿಗೂ ಬಾಳವ್ವ ಒಂದೊಂದು ಬೆರಳು ಮಡಚಿದಳು. ಎರಡೂ ಕೈ ಮುಷ್ಟಿಯಾದ ಮೇಲೆ ಬಿದ್ದ ಹನ್ನೊಂದನೆಯ ಏಟೂ ಗಂಟೆಯಂತೆ ಮೊಳಗಿದಾಗ, ಅವಳು ಮುಷ್ಟಿ ಬಿಚ್ಚಿದಳು.

"ಹಳೇ ತಗಡ ರೀ, ಸದ್ದು ಮಾಡೇ ಮಾಡತೈತಿ," ಎಂದ ಶಶಿಧರ ಪಟ್ಟು ಬಿಡದೆ. "ಖರೇ ಗಟ್ಟಿ ಸದ್ದು ಹ್ಯಾಂಗಿರತೈತಿ, ಇಲ್ಲಿ ನನ್ನ ಕಾರಿಗಿ ಬಡದು ಕೇಳ್ರಿ."

ಅವನದು ಅದೇ ಖಾನಾಪುರದ ರಸ್ತೆಯಲ್ಲಿ ನಾಲ್ಕು ವರ್ಷ ಓಡಿದ ಕಾರು. ಉರುಟು ಬೆನ್ನು, ವಾರಕ್ಕೊಮ್ಮೆ ಪಾಲಿಷ್, ಚಂದ ಕಾಣಲೆಂದು ಅವನೇ ಸುತ್ತಲೂ ನೆಲ ಮುಟ್ಟುವಂತೆ ಹಾಕಿಸಿದ ಪ್ಲಾಸ್ಟಿಕ್ ಅಂಚು. ಗುರುಪುತ್ರಪ್ಪ ಆ ಅಂಚಿನ ಹಿಂದೆ ಕೈ ಹಾಕಿದರು. ನಾಲ್ಕು ಚಳಿಗಾಲಗಳ ಉಪ್ಪಿನ ಕೆಸರು ಅಲ್ಲಿ ಹೆಪ್ಪುಗಟ್ಟಿತ್ತು. ಬಡಿಯುವ ಅಗತ್ಯ ಬೀಳಲಿಲ್ಲ. ಒತ್ತಿದೊಡನೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. "ಇದನ್ನ ರಸ್ತೇಕ ಇಳಸಬ್ಯಾಡ್ರಿ," ಎಂದರು.

ಶಶಿಧರನ ಮುಖ ನೋಡಿ ಬಾಳವ್ವ ಫಿಯಟ್ಟಿನ ಎಡಬಾಗಿಲು ತೆರೆದಳು. "ಬಾರೋ, ಬಾಜೂಕ ಕುಂದ್ರು. ನಾ ಮನಿಗಿ ಬಿಡ್ತೀನಿ."

ಗುರುಪುತ್ರಪ್ಪ ಫಿಯಟ್ಟಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: "ತಳಭಾಗವನ್ನು ಹನ್ನೊಂದು ಕಡೆ ಪರೀಕ್ಷಿಸಲಾಗಿದೆ. ತುಕ್ಕು ಇಲ್ಲ. ಇನ್ನೈದು ವರ್ಷ ರಸ್ತೆಗೆ ಯೋಗ್ಯ."