ನಡುಬಾಗಿಲಿನ ಚಿಲಕ

ಒಂದು ಊರು, ಊರಿಗೊಬ್ಬಳು ರಕ್ಕಸಿ. ಅವಳ ಮನೆಯ ನಡುಬಾಗಿಲಿಗೊಂದು ಚಿಲಕ. ಎಂಥ ಶೂರ ಎಳೆದರೂ ಅದು ಜಗ್ಗದು. ರಕ್ಕಸಿಯ ಕೈಯೇ ತೆಗೆಯಬೇಕು.

ಅಜ್ಜಿ ಈ ಕಥೆ ಹೇಳಿದ್ದು, ಮೊಮ್ಮಗಳು ಶಾಲೆಯಿಂದ ಅಳುತ್ತ ಬಂದ ಸಂಜೆ. ಆ ಶಾಲೆಗೂ ಒಂದು ನಡುಬಾಗಿಲಿತ್ತು. ಮುಂದಿನ ಕೋಣೆಯಲ್ಲಿ ಮೇಲುಬೀದಿಯ ಮಕ್ಕಳು, ಹಿಂದಿನದರಲ್ಲಿ ಕೆಳಬೀದಿಯವರು. ಕಿಟಕಿ, ಫ್ಯಾನು, ಒಳ್ಳೆಯ ಮೇಷ್ಟ್ರು, ಎಲ್ಲ ಮುಂದೆ. ಚಿಲಕಕ್ಕೆ ಕೈ ಹಾಕಿದ ಹುಡುಗಿಯ ಬೆರಳಿಗೆ ಹೆಡ್‌ಮಿಸ್ ರೂಲುದೊಣ್ಣೆಯಿಂದ ಬಾರಿಸಿದ್ದರು.

"ಅದನ್ನ ತೆಗೆಸೇ ತೆಗೆಸ್ತೀನಜ್ಜಿ," ಎಂದು ಹುಡುಗಿ ಮಾತು ಕೊಟ್ಟಳು.

ಈಗವಳು ಶಿಕ್ಷಣ ನೀತಿಯ ಸಂಶೋಧಕಿ. ಯಾವ ಶಾಲೆಯಲ್ಲಿ ಮಕ್ಕಳು ಬೆರೆತು ಕೂರುತ್ತಾರೆ, ಎಲ್ಲಿ ಬೇರೆ ಬೇರೆ ಎಂದು ನೋಡುವುದೇ ಕೆಲಸ. ತಾನು ಓದಿದ ಈ ಶಾಲೆಯ ಮೇಲೆ ಹಿಂದೆಯೂ ವರದಿ ಹೋಗಿತ್ತು. ನೋಟಿಸು ಬಂತು, ಏನೋ ಸಬೂಬು ಹೋಯಿತು, ಚಿಲಕ ಅಲುಗಲಿಲ್ಲ. ಇಂದು ಅವಳೇ ಬಂದಿದ್ದಳು. ಬೆರಳಿನ ಗಂಟು ಇನ್ನೂ ಸೊಟ್ಟಗಿತ್ತು.

ನಡುಬಾಗಿಲು ಹಾರುಹೊಡೆದಿತ್ತು! ಪ್ರತಿ ಬೆಂಚಿನಲ್ಲೂ ಎರಡೂ ಬೀದಿಯ ಮಕ್ಕಳು.

"ನಮ್ಮಲ್ಲಿ ಯಾವತ್ತೂ ಹೀಗೇ ಮೇಡಂ. ಭೇದ ಅನ್ನೋದೇ ಗೊತ್ತಿಲ್ಲ," ಎಂದರು ಈಗ ತಲೆ ನರೆತಿದ್ದ ಅದೇ ಹೆಡ್‌ಮಿಸ್, ಅವಳ ಗುರುತು ಹಿಡಿಯದೆ.

ಅವಳು ಕಿಟಕಿಯತ್ತ ಹೋದೊಡನೆ ಗಣಿತದ ಮೇಷ್ಟ್ರ ಕಿವಿಯಲ್ಲಿ ಹೆಡ್‌ಮಿಸ್ ಪಿಸುಗುಟ್ಟಿದರು: "ಯಾರೋ ಪುಣ್ಯಾತ್ಗಿತ್ತಿ ಫೋನ್ ಮಾಡಿ, ತಪಾಸಣೆಗೆ ಬರ್ತಾರೆ, ಒಂದಿನ ಬೆರೆಸಿ ಕೂರಿಸ್ಬಿಡಿ ಅಂದಿದ್ದಕ್ಕೆ ಬಚಾವಾದ್ವಿ ಕಣ್ರೀ. ನಾಳೆ ಚಿಲಕ ಹಾಕ್ಸಿ."

ಸಂಶೋಧಕಿ ಒಬ್ಬ ಹುಡುಗಿಯ ಮುಂದೆ ಬಗ್ಗಿದಳು. "ಪುಟ್ಟಿ, ಪಕ್ಕದವಳ ಹೆಸರೇನಮ್ಮ?"

ಪುಟ್ಟಿ ಪಕ್ಕಕ್ಕೆ ತಿರುಗಿದಳು. "ಏ, ನಿನ್ ಹೆಸರೇನೇ?"

ಹೆಡ್‌ಮಿಸ್ ಮುಖ ಬಿಳುಚಿತು. ಇನ್ನೇನು ಗುಟ್ಟು ರಟ್ಟಾಗಬೇಕು. ಸಂಶೋಧಕಿ ನಕ್ಕು, ತಪಾಸಣೆಯ ಸುದ್ದಿ ಕೇಳಿ ಅಂಗಳದಲ್ಲಿ ನೆರೆದಿದ್ದ ಅಪ್ಪ ಅಮ್ಮಂದಿರನ್ನೆಲ್ಲ ಒಳಗೆ ಕರೆದಳು.

"ಇಂಥ ಶಾಲೆ ನಾನು ಕಂಡೇ ಇಲ್ಲ. ಇನ್ನು ಇದೇ ಮಾದರಿ ಶಾಲೆ. ನಾಳೆಯಿಂದ ವರ್ಷವಿಡೀ ದಿನಕ್ಕೊಂದು ಶಾಲೆಯವರು ನೋಡೋಕೆ ಬರ್ತಾರೆ. ಮಕ್ಕಳು ಹೀಗೇ ಕೂತಿರ್ತಾರಲ್ವಾ, ಮಿಸ್?"

ಕೆಳಬೀದಿಯ ಅಮ್ಮಂದಿರ ಕಣ್ಣೆಲ್ಲ ಹೆಡ್‌ಮಿಸ್ ಮೇಲೆ.

"ಹೌ... ಹೌದು."

"ಮತ್ತೆ ಆ ಚಿಲಕ ಯಾಕೆ? ನೀವೇ ಬಿಚ್ಚಿಬಿಡಿ. ಎಲ್ರೂ ನೋಡ್ಲಿ."

ಸ್ಕ್ರೂಡ್ರೈವರ್ ಬಂತು. ಹೆಡ್‌ಮಿಸ್ ಒಂದೊಂದೇ ಸ್ಕ್ರೂ ತಿರುಗಿಸಿದರು. ಕೊನೆಗೆ ಚಿಲಕ ಕಳಚಿ ಠಣ್ಣೆಂದು ನೆಲಕ್ಕೆ ಬಿತ್ತು.

ಕಳೆದ ವಾರ ಧ್ವನಿ ಬದಲಿಸಿ ಶಾಲೆಗೆ ಫೋನ್ ಮಾಡಿದ್ದ ಪುಣ್ಯಾತ್ಗಿತ್ತಿ ಅದನ್ನು ಸೊಟ್ಟ ಬೆರಳಿನಲ್ಲಿ ಎತ್ತಿಕೊಂಡು, ತುಟಿಯಲ್ಲೇ ಹೇಳಿದಳು: "ಅಜ್ಜೀ, ಅವಳ ಕೈಯಿಂದಲೇ ತೆಗೆಸಿದೆ."