ಮೂರನೆಯ ಮಡಕೆ

“ಕೈ ಹಾಕಿದೆಯಾ ಇಲ್ವಾ? ಅದನ್ನು ಮಾತ್ರ ಹೇಳು.”

“ಮಡಕೆ ಮುಟ್ಟಲಿಲ್ಲ ಅಮ್ಮ. ಮೇಲಿಂದ ಬೀಳುವ ಹನಿಗೆ ಬೊಗಸೆ ಒಡ್ಡಿದೆ, ಅಷ್ಟೇ. ಬಾಯಿ ಒಣಗಿತ್ತು.”

“ಅಷ್ಟೇ ಅಂತೆ. ನಿನ್ನ ಬೊಗಸೆಯಿಂದ ಸೋರಿದ್ದು ಎಲ್ಲಿಗೆ ಬಿತ್ತು? ಮೂರನೆಯ ಮಡಕೆಗೇ ಅಲ್ವಾ? ನಾನು ಕುಡಿಯುವ ನೀರು ಅದು. ದೇವರ ಮುಂದಿನ ತಂಬಿಗೆಗೆ ಹೋಗುವ ನೀರು.”

ಮನೋರಮಮ್ಮನ ದನಿ ಕೇಳಿ ಮಗ ಶೇಖರ ಅರ್ಧ ಕ್ಷೌರದ ಮುಖದಲ್ಲೇ ಹಿತ್ತಿಲಿಗೆ ಬಂದ. ಅಲ್ಲಿ ಮರದ ಚೌಕಟ್ಟಿನಲ್ಲಿ ಮೂರು ಮಡಕೆಗಳು, ಒಂದರ ಕೆಳಗೊಂದು. ಮೇಲಿನದರಲ್ಲಿ ಮರಳು, ನಡುವಿನದರಲ್ಲಿ ಇದ್ದಿಲು, ಕೆಳಗಿನದರಲ್ಲಿ ಸೋಸಿ ಇಳಿದ ನೀರು. ಪಕ್ಕದಲ್ಲಿ ಕಾಟ್ಲಾ ಮೀನಿನ ಮರಿಗಳ ಸಿಮೆಂಟ್ ಟ್ಯಾಂಕು, ಅದಕ್ಕೂ ಸೋಸಿದ ನೀರೇ. ಅದರಿಂದ ಹೊರಬಿದ್ದ ನೀರು ಬಸಳೆ ಚಪ್ಪರದ ಬುಡಕ್ಕೆ. ಎಲ್ಲ ಶೇಖರನದೇ ಬುದ್ಧಿ. ಸಮುದ್ರ ಹತ್ತಿರವಾದ್ದರಿಂದ ಕಾಪುವಿನ ಅವರ ಬಾವಿ ಬೇಸಿಗೆಯಲ್ಲಿ ಉಪ್ಪು. ರಸ್ತೆ ತಿರುವಿನಲ್ಲಿ ಹೊಸದಾಗಿ ಬಂದ ನಳ್ಳಿಯ ನೀರಿನಲ್ಲಿ ಮೀನು ಬದುಕದಷ್ಟು ಕ್ಲೋರಿನ್ ಮದ್ದು. ಆ ಮದ್ದನ್ನು ತನ್ನ ಮಡಕೆ ತೆಗೆಯುತ್ತದೆಂದು ಅವನು ಊರಿಗೆಲ್ಲ ಹೇಳಿದ್ದ. ಮರಿ ಕೊಟ್ಟ ಮೀನುಗಾರಿಕೆ ಇಲಾಖೆಯ ಆಫೀಸರು ಶನಿವಾರ ನೋಡಲು ಬರುವವರಿದ್ದರು.

ನೀರು ಹೊರುವುದು ಅಮ್ಮನೆದುರು ನಿಂತಿದ್ದ ಅಕ್ಕುವಿನ ಕೆಲಸ. ಮೇಲಿನ ಮಡಕೆಗೆ ಮುಟ್ಟದೆ ಎತ್ತರದಿಂದ ಹೊಯ್ಯಬೇಕು. ಕೆಳಗಿನದರ ಹತ್ತಿರ ಸುಳಿಯಬಾರದು.

“ಇವಳ ಕೈಯ ನೀರಾದರೂ ಸುಮ್ಮನಿದ್ದೆ,” ಮನೋರಮಮ್ಮ ಮಗನಿಗೆ ಹೇಳಿದಳು. “ನಳ್ಳಿ ನೀರು ಸರಕಾರದ್ದು. ಮರಳು, ಇದ್ದಿಲು ದಾಟಿದ ಮೇಲೆ ಮೈಲಿಗೆ ಎಂತದ್ದು ಅಂತ. ಎಷ್ಟು ಸಿಹಿ ಉಂಟು ಅಂತ ನಾಲ್ಕು ಮನೆಗೆ ಹೇಳಿದ್ದೇನೆ. ಈಗ ಇವಳ ಎಂಜಲು ಕುಡಿಯಬೇಕಾ?”

ಎಂಜಲು ಎಂದದ್ದು ಅಕ್ಕುವಿಗೆ ತಾಗಿತು. ಇಳಿಸಿಟ್ಟ ತುಂಬಿದ ಕೊಡದ ಮೇಲೆ ಕೈಯಿಟ್ಟು, “ಇದು ನಳ್ಳಿ ನೀರಲ್ಲ ಅಮ್ಮ,” ಎಂದಳು.

“ಮತ್ತೆ ಎಲ್ಲಿಯದು?” ಶೇಖರ ಕೇಳಿದ.

“ನಮ್ಮ ಬಾವಿಯದು.”

ಗುಡ್ಡೆಯ ಬುಡದಲ್ಲಿ ಅಕ್ಕುವಿನ ಜಾತಿಯವರ ಹನ್ನೊಂದು ಗುಡಿಸಲು, ಅವರದೇ ಒಂದು ಬಾವಿ. ಆ ನೀರನ್ನು ಈ ಮನೆಯವರು ಕಾಲು ತೊಳೆಯಲೂ ಮುಟ್ಟಿದವರಲ್ಲ.

“ಸುಳ್ಳು ಹೇಳಬೇಡ.”

“ಎಂತಕ್ಕೆ ಸುಳ್ಳು ಹೇಳಲಿ ಧಣಿ? ಮೊದಲ ದಿನ ನಳ್ಳಿ ನೀರೇ ತಂದೆ. ನಿಮ್ಮ ಮೂರು ಮಡಕೆಯಲ್ಲೂ ಇಳಿಯಿತು. ನೀವೇ ಟ್ಯಾಂಕಿಗೆ ಹೊಯ್ದಿರಿ. ಮರುದಿನ ಐದು ಮರಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಕೊಡ ತೊಳೆಯದ ಕತ್ತೆ ಅಂತ ನನಗೆ ಬೈದಿರಿ. ಅಂದಿನಿಂದ ಗುಡ್ಡೆಯಿಂದಲೇ ಹೊತ್ತೆ. ಮೂರು ತಿಂಗಳಾಯಿತು. ಮತ್ತೆ ಒಂದಾದರೂ ಸತ್ತಿತಾ?”

ಶೇಖರನ ಕೆನ್ನೆಯ ಮೇಲಿನ ಸಾಬೂನು ಒಣಗಿ ಬಿರುಕು ಬಿಟ್ಟಿತ್ತು. “ಹಾಗಾದರೆ ನನ್ನ ಮರಳು, ಇದ್ದಿಲು?” ಎಂದ.

“ನನಗೆಂತ ಗೊತ್ತು? ನಮ್ಮ ನೀರಿಗೆ ಅದು ಬೇಕಿರಲಿಲ್ಲ.”

ಮನೋರಮಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತಳು. ಗಂಟಲಿಗೆ ಬೆರಳು ಹಾಕಿ ಓಕರಿಸಿದಳು. ಏನೂ ಬರಲಿಲ್ಲ. ಮೂರು ತಿಂಗಳ ನೀರು ಎಲ್ಲಿಂದ ಬರಬೇಕು? “ಒಡೆದು ಹಾಕು ಆ ಮಡಕೆ,” ಎಂದಳು, ಯಾರ ಮುಖವನ್ನೂ ನೋಡದೆ.

“ಇನ್ನು ಈ ಅಂಗಳಕ್ಕೆ ಕಾಲಿಡಬೇಡ,” ಎಂದ ಶೇಖರ.

ಅಕ್ಕು ಸಿಂಬೆಯನ್ನು ತಲೆಗೆ ಇಟ್ಟುಕೊಂಡಳು. ತುಂಬಿದ ಕೊಡವನ್ನು ಚೆಲ್ಲಲಿಲ್ಲ. ಎತ್ತಿ ತಲೆಯ ಮೇಲಿಟ್ಟುಕೊಂಡು, ತಂದ ನೀರನ್ನು ಹೊತ್ತುಕೊಂಡೇ ಬೇಲಿಯ ದಣಪೆ ದಾಟಿದಳು. ಮತ್ತೆ ಬರಲಿಲ್ಲ.

ಶೇಖರ ಕಟಪಾಡಿಯಿಂದ ಮೂರು ಹೊಸ ಮಡಕೆ ತಂದ. ಹೊಸ ಮರಳು, ಹೊಸ ಇದ್ದಿಲು ತುಂಬಿ, ತಾನೇ ನಳ್ಳಿಯಿಂದ ಹೊತ್ತು ಸೋಸಿ ಟ್ಯಾಂಕಿಗೆ ಹೊಯ್ದ. ಹಳೆಯ ಮೂರನೆಯ ಮಡಕೆ ಅರ್ಧ ನೀರಿನೊಂದಿಗೆ ಹಲಸಿನ ಮರದಡಿ ಹಾಗೇ ಇತ್ತು. ಒಡೆಯಲು ಅವನಿಗೆ ಪುರುಸೊತ್ತಾಗಲಿಲ್ಲ.

ಶನಿವಾರ ಬೆಳಿಗ್ಗೆ ಟ್ಯಾಂಕಿನ ತುಂಬ ಬಿಳಿ ಹೊಟ್ಟೆಗಳು. ಏಳೆಂಟು ಮರಿಗಳು ಮಾತ್ರ ಇನ್ನೂ ಬಾಯಿ ತೆರೆದು ಏದುತ್ತಿದ್ದವು. ಆಫೀಸರು ಬರಲು ಅರ್ಧ ಗಂಟೆ ಇತ್ತು. ಶೇಖರನಿಗೆ ಹಲಸಿನ ಮರದಡಿಯ ನೀರು ನೆನಪಾಯಿತು. ಅತ್ತಿತ್ತ ನೋಡಿ, ಬಕೆಟ್ ಹಿಡಿದು ಓಡಿದ.

ಮಡಕೆಯಲ್ಲಿ ಹನಿ ನೀರಿರಲಿಲ್ಲ. ಪಕ್ಕದಲ್ಲಿ ಬೋರಲಾಗಿ ಅಮ್ಮನ ಬೆಳ್ಳಿ ಲೋಟ, ಇನ್ನೂ ಒದ್ದೆ.