ಚೆನ್ನಕ್ಕ ಬಂದಳು

ಹೆಸರು ಹಿಡಿದು ಕರೆದರೆ ಮಾತ್ರ ಹಡಗುಗಳು ಚಲಿಸುತ್ತವೆಂಬುದು ಮಲ್ಪೆಯ ಮಕ್ಕಳಿಗೂ ಗೊತ್ತು. ಆದರೆ ಆ ಫ್ರೆಂಚ್ ಯುದ್ಧನೌಕೆ ಅಳಿವೆಬಾಗಿಲಲ್ಲೇ ನಿಂತುಬಿಟ್ಟಿತ್ತು. "ಗವರ್ನರ್ ದ್ಯುರಾಕ್, ನಡೆ!" ಎಂದು ಕೂಗಿ ಕೂಗಿ ಕಪ್ತಾನನ ಗಂಟಲು ಕಟ್ಟಿತ್ತು. ಹಿಂದೆ ಮೀನು ತುಂಬಿದ ಬೋಟುಗಳು ಕಾಯುತ್ತಿದ್ದವು. ಇಳಿತ ಶುರುವಾಗಿತ್ತು, ಇನ್ನು ತಡವಾದರೆ ನೌಕೆ ಮರಳಿನಲ್ಲಿ ಹೂತುಹೋಗುತ್ತಿತ್ತು.

ದಾರಿ ತೋರಿಸಲು ನೌಕೆ ಹತ್ತಿದ್ದ ಬಂದರಿನ ಪೈಲಟ್ ಸುಗಂಧಿ ಕರ್ಕೇರ ಮಾತ್ರ ಒಮ್ಮೆಯೂ ಕರೆದಿರಲಿಲ್ಲ.

"ನೀವಾದರೂ ಕರೆಯಿರಿ ಮೇಡಂ," ಎಂದು ಕಪ್ತಾನ ಅನುವಾದಯಂತ್ರದ ಮೂಲಕ ಬೇಡಿಕೊಂಡ.

"ಆ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳುದಿಲ್ಲ ಮಾರಾಯ್ರೆ. ನಮ್ಮ ಹಿರಿಯರ ದೋಣಿ ಸುಟ್ಟ ಗವರ್ನರ್ ಅವ. ಚೆನ್ನಕ್ಕ ಅಂತ ಆ ದೋಣಿಯ ಹೆಸರು."

ಆ ಹೆಸರು ಕೇಳಿದ್ದೇ ಕಾಲಡಿಯ ಕಬ್ಬಿಣ ನಡುಗಿತು. ಎಂಜಿನ್ ಒಮ್ಮೆ ಗುಡುಗಿ ಸುಮ್ಮನಾಯಿತು.

ಕಪ್ತಾನ ಹೌಹಾರಿದ. "ನಮ್ಮ ನೌಕಾಪಡೆಯಲ್ಲಿ ಇದು ನಾಲ್ಕನೆಯ ದ್ಯುರಾಕ್! ಹೆಸರು ಬದಲಿಸಲು ನನಗೆ ಅಧಿಕಾರವಿಲ್ಲ."

"ನಿಮ್ಮನ್ನು ಕೇಳಿದ್ದು ಯಾರು? ಅದು ಆಗಲೇ ಬದಲಿಸಿಕೊಂಡಾಯ್ತು. ಕರೀರಿ."

ಅವನು ಟೋಪಿ ತೆಗೆದ. "ಚೆನ್ನಕ್ಕ," ಎಂದು ತೊದಲಿದ, "ಬಾ."

ನೌಕೆ ನೀರು ಸೀಳಿಕೊಂಡು ಒಳಗೆ ನುಗ್ಗಿತು. ಮರುಗಳಿಗೆಯಲ್ಲೇ ಬಂದರಿನ ಬೋಟುಗಳೆಲ್ಲ ಯಾರೂ ಮುಟ್ಟದೆಯೇ ಹಾರ್ನ್ ಮೊಳಗಿಸಿದವು. ಊರಿನ ದೋಣಿ ಮರಳಿದಾಗಲ್ಲದೆ ಅವು ಹಾಗೆ ಮೊಳಗಿಸುವುದಿಲ್ಲ.

ಸುಗಂಧಿ ನೌಕೆಯ ಕಟಕಟೆಯನ್ನು ಅಂಗೈಯಿಂದ ಜೋರಾಗಿ ತಟ್ಟಿದಳು.

"ಇಷ್ಟು ತಡ ಮಾಡುದಾ ಚೆನ್ನಕ್ಕ?"